ಜನತಾ ಗಣರಾಜ್ಯದಲ್ಲಿ ಪಂಕ್ತಿಭೇದ!

ಚೀನಾಕ್ಕೆ ಓದಲು ಹೋದ ಅಮೆರಿಕದ ಹುಡುಗನ ದಿನಚರಿ ನೋಡಿರಿ. ಹಗಲು ಚೀನೀ ಹುಡುಗರೊಡನೆ ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತಾನೆ. ರಾತ್ರಿಯಾದೊಡನೆ ದಾರಿ ಬೇರೆ! ಅನೇಕ ವಿಶ್ವವಿದ್ಯಾಲಯಗಳಲ್ಲಿ ಪರದೇಶದವರಿಗೆಂದೇ ಪ್ರತ್ಯೇಕ ವಸತಿಗೃಹ. ಕೋಣೆಗೆ ಒಬ್ಬರೋ ಇಬ್ಬರೋ. ಆ ನಾಡಿನ ರೈತ-ಕಾರ್ಮಿಕರ ಮಕ್ಕಳು ಮಾತ್ರ ಕೋಣೆಗೆ ನಾಲ್ವರು, ಆರು ಮಂದಿ. ಎಷ್ಟೋ ಕಡೆ ರಾತ್ರಿ 11ಕ್ಕೆ ದೀಪವೂ ಬಂದ್.

ಇದು ಅತಿಥಿ ಸತ್ಕಾರವಂತೆ! ಪಂಕ್ತಿಭೇದ ಮಾಡುವವರೆಲ್ಲ ಹೇಳುವ ಮಾತೇ ಇದು.

ವಾಷಿಂಗ್ಟನ್ನಿನ ಪ್ರಭುಗಳೇನು ಕಡಿಮೆಯೆ? 2020ರಲ್ಲಿ ಟ್ರಂಪ್ ಮಹಾಶಯರು ಚೀನಾಕ್ಕೆ ಹೋಗುವ ಫುಲ್‌ಬ್ರೈಟ್ ವಿದ್ಯಾರ್ಥಿವೇತನವನ್ನೇ ನಿಲ್ಲಿಸಿದರು. 2019ರ ಸುಮಾರಿಗೆ 11,000ದಷ್ಟಿದ್ದ ಅಮೆರಿಕದ ವಿದ್ಯಾರ್ಥಿಗಳು, ಕೋವಿಡ್ ಕಳೆದ 2023ರ ವೇಳೆಗೆ ಸಾವಿರಕ್ಕೂ ಕಡಿಮೆ. ಅದೇ ವರ್ಷ ಷಿ ಜಿನ್‌ಪಿಂಗ್ ಅವರು ಐದು ವರ್ಷಗಳಲ್ಲಿ 50,000 ಯುವಕ ಯುವತಿಯರನ್ನು ಕರೆಸಿಕೊಳ್ಳುವೆವೆಂದು ಸಾರಿದರು. ಕರೆಯಲಿ, ಸಂತೋಷ. ಆದರೆ ಜಗಲಿಗೆ ಕರೆದು ಒಳಮನೆಗೆ ಬಿಡದಿದ್ದರೆ ಅದೆಂತಹ ನಂಟಸ್ತಿಕೆ?

ದೊರೆಗಳ ಸುಂಕದ ಜಗಳದಲ್ಲಿ ಬೆಲೆ ತೆರುವವರು ಎರಡೂ ದೇಶಗಳ ದುಡಿಯುವ ಜನ. ಅವರ ಮಕ್ಕಳು ಒಂದೇ ಕೋಣೆಯಲ್ಲಿ ಮಲಗಿ ಎದ್ದು, ಒಬ್ಬರ ಮನೆಯ ಕಷ್ಟ ಇನ್ನೊಬ್ಬರು ಕೇಳಿದರೆ, ವೈರದ ಸುಳ್ಳನ್ನು ನಂಬುವವರಾರು? ಆ ಭಯಕ್ಕೇ ಈ ಗೋಡೆ. ಮೊದಲು ಅದು ಬೀಳಲಿ!