ನಡೀತಿದೆಯಲ್ಲ, ಸುಮ್ನೆ ಯಾಕೆ ಕೈ ಹಾಕ್ತೀಯ?

ಕೋಡ್ ಬರೆಯೋ ಕೆಲಸದಲ್ಲಿರೋರೆಲ್ಲ ಈ ಮಾತು ಕೇಳೇ ಇರ್ತೀರಿ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಈಗ ಹೇಳೋದು ಬಿಟ್ಟಿದ್ದೇನೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ :)

ಲಿನಕ್ಸ್ ಕರ್ನಲ್‌ನಲ್ಲಿ ಟೈಮರ್ ಅಂದ್ರೆ ಅಲಾರಂ ಇದ್ದ ಹಾಗೆ. "ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಕರಿ" ಅಂತ ಹೇಳಿಟ್ಟರೆ ಕರೆಯುತ್ತೆ. ಹಿಂದೆ ಇದರೊಳಗೆ ಎರಡು ಚೀಟಿ ಅಕ್ಕಪಕ್ಕ ಇರ್ತಿದ್ದವು. ಒಂದರಲ್ಲಿ ಯಾವ ಫಂಕ್ಷನ್ ಅಂತ, ಇನ್ನೊಂದರಲ್ಲಿ ಅದಕ್ಕೆ ಏನು ಕೊಡಬೇಕು ಅಂತ. ಪಕ್ಕದ ಮೆಮೊರಿ ಉಕ್ಕಿ ಇದರ ಮೇಲೆ ಹರಿಯೋ ಹಾಗೆ ಮಾಡಿದ ಕಳ್ಳನಿಗೆ ಎರಡೂ ಒಟ್ಟಿಗೇ ಸಿಗ್ತಿದ್ದವು. ಮನೆ ಬೀಗದ ಕೈ, ಬೀರುವಿನ ಕೈ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದ ಹಾಗೆ!

2017ರಲ್ಲಿ ಕೀಸ್ ಕುಕ್ ಮತ್ತಿತರರು ಇದನ್ನು ಸರಿಮಾಡೋಕೆ ಕೂತರು. ಎರಡನೇ ಚೀಟಿ ತೆಗೆದು, ಫಂಕ್ಷನ್‌ಗೆ ಟೈಮರನ್ನೇ ಕೊಡೋದು ಅಂತ ಮಾಡಿದರು. ಕೇಳೋಕೆ ಸಣ್ಣದು, ಆದ್ರೆ ನೂರಾರು ಡ್ರೈವರ್‌ಗಳನ್ನು ತಿದ್ದಬೇಕಿತ್ತು. 2018ರ ಜನವರಿಯಲ್ಲಿ ಬಂದ 4.15ರ ಹೊತ್ತಿಗೆ ಹಳೇ 'ಇನಿಟ್ ಟೈಮರ್', 'ಸೆಟಪ್ ಟೈಮರ್' ಎರಡೂ ಹೋದವು. ಬಳಸೋರಿಗೆ ಹೊಸದೇನೂ ಕಾಣಲಿಲ್ಲ.

ನಮಗೆ ಮಾತ್ರ ಕಂಡಿತು. ನಮ್ಮದು ಕರ್ನಲ್‌ಗೆ ಸೇರಿಸದೆ ನಾವೇ ಇಟ್ಟುಕೊಂಡಿದ್ದ ಡ್ರೈವರ್. ಹೊಸ ಕರ್ನಲ್ ಹಾಕಿದ ದಿನ ಕಂಪೈಲೇ ಆಗಲಿಲ್ಲ. "ಇವರಿಗೆ ಬೇರೆ ಕೆಲಸ ಇಲ್ವಾ" ಅಂತ ಬೈಕೊಂಡೇ ತಿದ್ದೋಕೆ ಕೂತೆ. ಆಗ ಕಂಡಿದ್ದು... ಡ್ರೈವರ್ ತೆಗೆಯೋವಾಗ ಟೈಮರ್ ರದ್ದು ಮಾಡಿದ್ವಿ, ಆದ್ರೆ ಇನ್ನೊಂದು ಸಿಪಿಯು ಮೇಲೆ ಆಗಲೇ ಓಡ್ತಿರೋ ಫಂಕ್ಷನ್ ಮುಗಿಯೋ ತನಕ ಕಾಯ್ತಿರಲಿಲ್ಲ. ಅದು ಓಡ್ತಿರುವಾಗಲೇ ಅದರ ಮೆಮೊರಿ ವಾಪಸ್ ಕೊಟ್ಟುಬಿಡ್ತಿದ್ವಿ! ಅಪರೂಪಕ್ಕೊಮ್ಮೆ ಮಷೀನ್ ಸತ್ತಾಗೆಲ್ಲ ಎರಡು ವರ್ಷ ಹಾರ್ಡ್‌ವೇರ್‌ನವರ ಕಡೆ ಬೆರಳು ತೋರಿಸಿದ್ವಿ. ಆ ಸಾಲು ಬರೆದವನು ನಾನೇ.

ಒಪ್ತೀನಿ, ಗುಡಿಸೋದರಲ್ಲೂ ಅಪಾಯ ಇದೆ. ಹೊಸ ಬಗ್ ಬರಬಹುದು, ನಮ್ಮಂಥವರ ಒಂದು ವಾರ ಹಾಳಾಗಬಹುದು. ಆದ್ರೆ ಗುಡಿಸದ ಮೂಲೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಕರ್ನಲ್‌ನವರು ಅಲ್ಲಿಗೇ ನಿಲ್ಲಿಸಲಿಲ್ಲ. 2023ರ 6.2ರಲ್ಲಿ, ಒಮ್ಮೆ ಮಲಗಿಸಿದ ಟೈಮರನ್ನು ಯಾರೂ ಮತ್ತೆ ಎಬ್ಬಿಸದ ಹಾಗೆ ಮಾಡೋ ದಾರಿ ಬಂತು. 2025ರಲ್ಲಿ ಹಳೇ ಹೆಸರುಗಳನ್ನೂ ಒಂದು ಕ್ರಮಕ್ಕೆ ತಂದರು.

ನಮ್ಮ ಆಫೀಸುಗಳಲ್ಲಿ? ಹೊಸ ಫೀಚರ್ ಬರೆದವನಿಗೆ ಅಪ್ರೈಸಲ್‌ನಲ್ಲಿ ಚಪ್ಪಾಳೆ. ಹಳೇದನ್ನು ಒಪ್ಪ ಮಾಡಿದವನಿಗೆ "ಈ ವರ್ಷ ಏನ್ ಮಾಡ್ದೆ?" ಅನ್ನೋ ಪ್ರಶ್ನೆ. ಪಾತ್ರೆ ತೊಳೆದವರನ್ನು ಯಾರೂ ಹೊಗಳಲ್ಲ, ಆದ್ರೆ ಮಾರನೇ ದಿನದ ಅಡುಗೆ ಆಗೋದು ಅದೇ ಪಾತ್ರೇಲಿ.

ನಾನಂತೂ ಈಗ ವಾರಕ್ಕೆ ಅರ್ಧ ದಿನ ಹಳೇ ಕೋಡ್ ಗುಡಿಸೋಕೆ ಅಂತಲೇ ಇಟ್ಟಿದ್ದೇನೆ. ಯಾರೂ ಕೇಳಿಲ್ಲ, ಯಾರಿಗೂ ಹೇಳಿಲ್ಲ. ನೀವೇನಂತೀರಿ?