ಅಡುಗೆಮನೆಯ ಅಪಾಯಕ್ಕೆ ಹೊಣೆ ಯಾರು?



ತೋಟದ ಲೈನುಮನೆಯಲ್ಲಿ ಯಾರಿಗಾದರೂ ಕರೆಂಟು ಹೊಡೆದರೆ, ಗ್ಯಾಸ್ ಹತ್ತಿಕೊಂಡರೆ, ಮೊದಲು ಕೇಳಿಬರುವ ಮಾತು ಒಂದೇ: "ಆ ಹೆಂಗಸಿಗೆ ಎಚ್ಚರಿಕೆ ಸಾಲದು." ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಹೊರಡಿಸಿ, ಹಾಜರಿಯ ಹೊತ್ತಿಗೆ ತೋಟದಲ್ಲಿ ನಿಲ್ಲಬೇಕಾದ ತಾಯಿಯ ತಲೆಗೆ ಎಲ್ಲವನ್ನೂ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವುದು ನ್ಯಾಯವೇ? ಅಡುಗೆಮನೆಯ ಕ್ಷೇಮದಲ್ಲಿ ನಮ್ಮ ಪಾಲು ಒಂದಿದೆ. ಮನೆ ಕಟ್ಟಿಸಿಕೊಟ್ಟವರ ಪಾಲು ಇನ್ನೊಂದಿದೆ. ಎರಡನ್ನೂ ಬೇರ್ಪಡಿಸಿ ನೋಡೋಣ.

ಹಿಂದೆ ನಮಗಿದ್ದದ್ದು ಸೌದೆ ಒಲೆ ಮತ್ತು ರುಬ್ಬುವ ಕಲ್ಲು. 2011ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರ ರೇಷನ್ ಕಾರ್ಡಿನ ಕುಟುಂಬಗಳಿಗೆ ಮಿಕ್ಸಿ, ಗ್ರೈಂಡರ್, ಫ್ಯಾನುಗಳನ್ನು ಉಚಿತವಾಗಿ ಹಂಚಲು ತೊಡಗಿತು. 2016ರ ಮೇ 1ರಂದು, ಕಾರ್ಮಿಕರ ದಿನದಂದೇ, ಕೇಂದ್ರ ಸರ್ಕಾರ ಉಜ್ವಲಾ ಯೋಜನೆಯನ್ನು ಆರಂಭಿಸಿ ಬಡ ಹೆಂಗಸರ ಹೆಸರಿನಲ್ಲಿ ಗ್ಯಾಸ್ ಕೊಟ್ಟಿತು. ಹೊಗೆಯ ಕಾಟ ಕಡಿಮೆಯಾಯಿತು, ತೋಳಿಗೆ ವಿಶ್ರಾಂತಿ ಸಿಕ್ಕಿತು. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಸಾಮಾನು ಬಂದಂತೆ ಅದಕ್ಕೆ ತಕ್ಕ ತಂತಿಯಾಗಲಿ ಕಿಟಕಿಯಾಗಲಿ ಎಲ್ಲಾ ಲೈನುಗಳಿಗೂ ಬರಲಿಲ್ಲ.

ಮೊದಲು ನಮ್ಮ ಪಾಲು. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲದ ಕಾರಣ, ಸೋರಿಕೆ ತಿಳಿಯಲೆಂದೇ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳೊಡನೆ ಹೊರಗೆ ಬಂದು 1906ಕ್ಕೆ ಫೋನು ಮಾಡಿರಿ. ಒಂದೇ ಕೋಣೆಯಲ್ಲಿ ಸೌದೆ ಒಲೆಯ ಪಕ್ಕಕ್ಕೇ ಸಿಲಿಂಡರ್ ಇಡುವುದು ದೊಡ್ಡ ಅಪಾಯ. ರಬ್ಬರ್ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಿರುಕು ಕಂಡರೆ ಅಂದೇ ಬದಲಾಯಿಸಬೇಕು. ಸಿಲಿಂಡರಿನ ಕತ್ತಿನ ಬಳಿ ಒಂದು ಅಕ್ಷರವೂ ವರ್ಷವೂ ಬರೆದಿರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅದು ಸಿಲಿಂಡರಿನ ಮುಂದಿನ ಪರೀಕ್ಷೆಯ ಗಡುವು. ಗಡುವು ದಾಟಿದ್ದನ್ನು ತಂದುಕೊಟ್ಟರೆ ತೆಗೆದುಕೊಳ್ಳಬೇಡಿರಿ.

ಪ್ರೆಶರ್ ಕುಕ್ಕರು ನಮ್ಮ ಹೊಸೂರಿನ ಸಿಪ್ಕಾಟಿನಲ್ಲೇ ತಯಾರಾಗುವ ವಸ್ತು. 2021ರ ಫೆಬ್ರವರಿ 1ರಿಂದ ಐ.ಎಸ್.ಐ. ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಗುರುತು ನೋಡದೆ ಕೊಳ್ಳಬಾರದು. ಒಲೆಗೇರಿಸುವ ಮುನ್ನ ವಿಸಿಲ್ ಕೂರುವ ಕೊಳವೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿರಿ. ಬೇಳೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿರಿ. ಸೇಫ್ಟಿ ವಾಲ್ವ್ ಹೋದರೆ ಅದೇ ಕಂಪನಿಯದನ್ನು ಹಾಕಿಸಬೇಕೇ ಹೊರತು ಬೇರೇನನ್ನೋ ತುರುಕಬಾರದು.

ಇನ್ನು ಕರೆಂಟಿನ ವಿಚಾರ. ಇಲ್ಲಿಂದ ಇನ್ನೊಬ್ಬರ ಪಾಲು ಆರಂಭವಾಗುತ್ತದೆ. ಗ್ರೈಂಡರಿನ ಪ್ಲಗ್ಗಿಗೆ ಮೂರು ಪಿನ್ನು. ಉದ್ದವಾಗಿ ದಪ್ಪಗಿರುವುದು ಅರ್ತ್ ಪಿನ್ನು. ಒಳಗಿನ ತಂತಿ ಸವೆದು ಕರೆಂಟು ಗ್ರೈಂಡರಿನ ಲೋಹದ ಮೈಗೆ ಬಂದರೆ ಅರ್ತ್ ತಂತಿ ಅದನ್ನು ಭೂಮಿಗೆ ಒಯ್ಯುತ್ತದೆ. ಗೋಡೆಯಲ್ಲಿ ಎರಡೇ ತೂತಿದ್ದರೆ, ಅಥವಾ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ, ಆ ಕರೆಂಟು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಹಿಟ್ಟು ತೆಗೆಯುವವಳ ಮೈಯ ಮೂಲಕ ಭೂಮಿಗಿಳಿಯುತ್ತದೆ. ಫ್ಯೂಸ್ ಇದೆಯಲ್ಲ ಎನ್ನಬಹುದು. 5 ಆಂಪಿಯರಿನ ಫ್ಯೂಸ್ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಪ್ರಾಣ ಹೋಗಲು ಅದರ ಐವತ್ತರಲ್ಲಿ ಒಂದು ಪಾಲು ಸಾಕು. ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚಾದರೋ 30 ಮಿಲಿಆಂಪಿಯರ್ ಸೋರಿದೊಡನೆ ತಾನಾಗಿಯೇ ಕರೆಂಟು ಕಡಿಯುತ್ತದೆ.

ಪಾತ್ರೆಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿ ಪ್ಲಗ್ ಕೀಳುವುದು, ಕಾಲಿಗೆ ಚಪ್ಪಲಿ ಮೆಟ್ಟುವುದು, ಬರಿಯ ತಂತಿಯನ್ನು ಬೆಂಕಿಕಡ್ಡಿ ಸಿಕ್ಕಿಸಿ ತೂತಿಗೆ ಹಾಕದಿರುವುದು ನಮ್ಮ ಕೆಲಸ. ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಅವರನ್ನು ಮುಟ್ಟದೆ ಮೇನ್ ಸ್ವಿಚ್ ಆರಿಸಿರಿ. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ 108ಕ್ಕೆ ಫೋನು ಮಾಡಿರಿ. ಆದರೆ ಗೋಡೆಯೊಳಗೆ ಅರ್ತ್ ತಂತಿ ಎಳೆಸುವುದು ದಿನಗೂಲಿಯ ಕುಟುಂಬದ ಕೆಲಸವೇ? ಮನೆ ನಮ್ಮದಲ್ಲ, ಗೋಡೆಯೂ ನಮ್ಮದಲ್ಲ.

"ನಾವು ಕೊಟ್ಟದ್ದು ಬಲ್ಬಿಗೆ ಕರೆಂಟು, ಗ್ರೈಂಡರ್ ತಂದವರು ನೀವು" ಎಂದು ಆಡಳಿತವರ್ಗ ಹೇಳಬಹುದು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಕಾರ್ಮಿಕನಿಗೂ ಕುಟುಂಬಕ್ಕೂ ವಸತಿ ಕೊಡುವುದು ಮಾಲೀಕನ ಹೊಣೆ ಎಂದಿತ್ತು. ಅದರ ಸ್ಥಾನದಲ್ಲಿ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ರಾಜ್ಯ ಸರ್ಕಾರ ನಿಯಮ ಮಾಡಿ ಮಾಲೀಕನಿಂದ ಕೊಡಿಸಬಹುದಾದ ಸೌಕರ್ಯಗಳನ್ನು ಅದರ 92ನೆಯ ಕಲಮು ಹೇಳುವಾಗ, ವಸತಿಯೊಂದಿಗೆ ಕುಡಿಯುವ ನೀರು, ಅಡುಗೆಮನೆ, ಪಾಯಿಖಾನೆ ಇವನ್ನೂ ಹೆಸರಿಸಿದೆ. ಅರ್ತ್ ತಂತಿಯ ಮಾತು ಆ ಕಲಮಿನಲ್ಲಿಲ್ಲ, ನಿಜ. ಆದರೆ ಮುಟ್ಟಿದರೆ ಪ್ರಾಣ ತೆಗೆಯುವ ಕೋಣೆಯನ್ನು ಅಡುಗೆಮನೆ ಎನ್ನಲಾದೀತೇ? ಈ ಕಾನೂನು ನೇರವಾಗಿ ಅನ್ವಯಿಸುವುದು 5 ಹೆಕ್ಟೇರು ಮತ್ತು ಮೇಲ್ಪಟ್ಟ ಚಹ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿ ತೋಟಗಳಿಗೆ. ಹೊಸೂರು, ತಳಿ ಕಡೆಯ ಗುಲಾಬಿ ತೋಟಗಳಿಗೂ ಕೃಷ್ಣಗಿರಿಯ ಮಾವಿನ ತೋಟಗಳಿಗೂ ಅನ್ವಯಿಸಬೇಕಾದರೆ ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಸರ್ಕಾರ ಪ್ರಕಟಣೆ ಹೊರಡಿಸಬೇಕು. ಅದನ್ನು ಕೇಳುವವರು ನಾವಲ್ಲದೆ ಇನ್ನಾರು?

ಇದು ಲೋಕದ ವಿಚಾರ, ಸಭೆಗೇಕೆ ಎನ್ನುವವರು ಧರ್ಮೋಪದೇಶಕಾಂಡ 22ನೆಯ ಅಧ್ಯಾಯದ 8ನೆಯ ವಚನವನ್ನು ಓದಲಿ. ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಹಾಕಿಸಬೇಕು, ಇಲ್ಲವಾದರೆ ಬಿದ್ದು ಸತ್ತವನ ರಕ್ತದ ದೋಷ ಆ ಮನೆಗೆ ತಗಲುತ್ತದೆ ಎಂಬುದು ಅದರ ತಾತ್ಪರ್ಯ. ನೋಡಿಕೊಂಡು ನಡೆಯಬೇಕಿತ್ತು ಎಂದು ಬಿದ್ದವನನ್ನು ದೇವರು ಗದರಿಸಲಿಲ್ಲ. ಕಟ್ಟಿಸಿದವನನ್ನು ಮೊದಲು ಕೇಳಿದನು.

ಆದುದರಿಂದ ಪ್ರತಿ ಲೈನಿನಲ್ಲೂ ಇಬ್ಬರು ಹೆಂಗಸರೂ ಇಬ್ಬರು ಗಂಡಸರೂ ಸೇರಿ, ಯಾವ ಮನೆಯಲ್ಲಿ ಅರ್ತ್ ಇಲ್ಲ, ಎಲ್ಲಿ ತಂತಿ ಬರಿದಾಗಿದೆ ಎಂದು ಪಟ್ಟಿ ಮಾಡಿರಿ. ತೂತಿಗೆ ಕೈ ಹಾಕಿ ನೋಡಬೇಡಿರಿ. ಲೈಸೆನ್ಸ್ ಇರುವ ವೈರ್‌ಮನ್ನನಿಂದ ಪರೀಕ್ಷೆ ಮಾಡಿಸಿರಿ. ಪಟ್ಟಿಗೆ ಎಲ್ಲರೂ ಸಹಿ ಹಾಕಿ ಆಡಳಿತವರ್ಗಕ್ಕೆ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಪಡೆಯಿರಿ. ಕೂಲಿ ಹೆಚ್ಚಿಸಲು ಒಂದಾಗಿ ನಿಲ್ಲುವ ನಾವು, ಆ ಕೂಲಿಯಿಂದ ಅಡುಗೆ ಮಾಡುವವಳ ಪ್ರಾಣಕ್ಕಾಗಿಯೂ ಒಂದಾಗಿ ನಿಲ್ಲೋಣ.