ದಾಕ್ಷಿಣ್ಯಕ್ಕೆ ಹೋದ ಮನೆ



ಈ ಸಲ ಬೇಸಿಗೆಯ ಹಪ್ಪಳ ಸಂಡಿಗೆಯ ಬಗ್ಗೆ ಬರೆಯಬೇಕೆಂದಿದ್ದೆ. ಆದರೆ ಯುಗಾದಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತಿದ್ದ ಹುಡುಗನೊಬ್ಬ ಒಬ್ಬಟ್ಟನ್ನು ಮುಟ್ಟದೆ ಎಲೆಯನ್ನೇ ನೋಡುತ್ತ ಕೂತಿದ್ದ. ನಿಮ್ಮ ಹಾಗೆಯೇ ಇಲ್ಲೇ ಹುಟ್ಟಿ ಬೆಳೆದವನು, ಒಳ್ಳೆಯ ಕೆಲಸದಲ್ಲಿದ್ದಾನೆ. ಏನಪ್ಪಾ ಎಂದು ಕೇಳಿದೆ.

"ಆಂಟಿ, ಮನೆ ತಗೊಳ್ಳೋದಕ್ಕೆ ಅಗ್ರಿಮೆಂಟ್ ಆಗಿ ನಾಲ್ಕು ತಿಂಗಳಾಯಿತು. ಹತ್ತು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ, ಬ್ಯಾಂಕ್ ಸಾಲವೂ ಮಂಜೂರಾಗಿದೆ. ಈಗ ಅವರು ಮಾರೋದಿಲ್ಲ ಅಂತಿದ್ದಾರೆ."

"ನೀನೇನು ಮಾಡಿದೆ?"

"ಅಪ್ಪನ ಸ್ನೇಹಿತರು ಆಂಟಿ, ದೊಡ್ಡವರು. ಸ್ವಲ್ಪ ದಿನ ನೋಡೋಣ ಅಂತ ಅಪ್ಪ ಹೇಳಿದರು."

ಸ್ವಲ್ಪ ದಿನ ನೋಡೋಣ! ಈ ಮಾತನ್ನು ನಾನು 1996ರಲ್ಲಿ ನಮ್ಮ ಮನೆಯಲ್ಲೇ ಕೇಳಿದ್ದೆ. ಕೇಳಿದ್ದೆ ಏನು, ನಾನೇ ಹೇಳಿದ್ದೆ.

ಆಗ ನಾವು ಪಶ್ಚಿಮ ಮಾಂಬಲದಲ್ಲಿ ಬಾಡಿಗೆಗಿದ್ದೆವು. ಎರಡು ಕೋಣೆ, ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮತ್ತೆ. ಸ್ವಂತ ಮನೆಯಲ್ಲಿ ಒಂದು ಸತ್ಯನಾರಾಯಣ ಪೂಜೆ ಮಾಡಿಸಿ ಕಣ್ಣು ಮುಚ್ಚಬೇಕು ಎಂಬುದೊಂದೇ ಅತ್ತೆಯವರ ಆಸೆ. ನಂಗನಲ್ಲೂರಿನಲ್ಲಿ ಅರ್ಧ ಗ್ರೌಂಡ್ ಜಾಗದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಹಿತ್ತಲಲ್ಲಿ ಬಾವಿ, ಒಂದು ನುಗ್ಗೆ ಮರ. ಬೆಲೆ 6,20,000 ರೂಪಾಯಿ. ನನ್ನ ನಾಲ್ಕು ಬಳೆಗಳನ್ನೂ ಅವಲಕ್ಕಿ ಸರವನ್ನೂ ಅಡವಿಟ್ಟು 50,000 ರೂಪಾಯಿ ಮುಂಗಡ ಕೊಟ್ಟೆವು. ನಾಲ್ಕು ತಿಂಗಳ ಗಡುವಿನ ಕರಾರು ಛಾಪಾ ಕಾಗದದ ಮೇಲೆ ಆಯಿತು. ಬಿ.ಎ.ಯಲ್ಲಿ 'ಮರ್ಚೆಂಟ್ ಆಫ್ ವೆನಿಸ್' ಓದಿ ಶೈಲಾಕನ ಪತ್ರದ ಒಂದೊಂದು ಮಾತನ್ನೂ ವಿವರಿಸಿ ಪರೀಕ್ಷೆ ಬರೆದವಳು ನಾನು. ನಮ್ಮದೇ ಕರಾರು ಪತ್ರವನ್ನು ಮಾತ್ರ ಪೂರ್ತಿ ಓದಲಿಲ್ಲ!

ಮೂರನೆಯ ತಿಂಗಳಲ್ಲಿ ಮನೆಯ ಯಜಮಾನರು ಬಂದು, ಮಗಳು ಮಾರಬೇಡ ಅನ್ನುತ್ತಾಳೆ, ಸ್ವಲ್ಪ ತಾಳಿ ಎಂದರು. ಬೇರೆಯವರು ಹೆಚ್ಚು ಬೆಲೆ ಹೇಳಿದ್ದರೆಂಬುದು ಆಮೇಲೆ ತಿಳಿಯಿತು. ವಯಸ್ಸಾದವರು, ದಿನಾ ದೇವಸ್ಥಾನದಲ್ಲಿ ಎದುರಾಗುವವರು, ಅವರಿಗೆ ವಕೀಲರ ನೋಟೀಸು ಕಳಿಸುವುದೇ? ನೋಡೋಣ ನೋಡೋಣ ಎಂದು ಹದಿನಾಲ್ಕು ತಿಂಗಳು ಕಳೆದವು. ಒಂದು ದಿನ ಅವರು ನಮ್ಮ 50,000 ರೂಪಾಯಿಯನ್ನು ಬಡ್ಡಿಯಿಲ್ಲದೆ ತಂದುಕೊಟ್ಟು ಕರಾರು ಪತ್ರ ವಾಪಸು ಕೇಳಿದರು. ಕೊಟ್ಟೆವು. ಕಾಫಿಯನ್ನೂ ಕೊಟ್ಟೆವು. ಒಡವೆಯ ಮೇಲಿನ ಬಡ್ಡಿ ನಮ್ಮ ಕೈಯಿಂದ ಹೋಯಿತು. ಆ ಹೊತ್ತಿಗೆ ಅದೇ ದುಡ್ಡಿಗೆ ಆ ಕಡೆ ಯಾವ ಮನೆಯೂ ಇರಲಿಲ್ಲ. ಅತ್ತೆ 2001ರಲ್ಲಿ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ನಾವು ಮೇಡವಾಕ್ಕಂನಲ್ಲಿ ಫ್ಲಾಟ್ ತೆಗೆದುಕೊಂಡದ್ದು 2005ರಲ್ಲಿ.

ದಾಕ್ಷಿಣ್ಯದ ಮೇಲೆ ನಮ್ಮಜ್ಜಿ ಒಂದು ಗಾದೆ ಹೇಳುತ್ತಿದ್ದರು. ಅದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ, ನಿಮ್ಮ ಅಜ್ಜಿಯರನ್ನು ಕೇಳಿಕೊಳ್ಳಿ. ನಾನು ವಕೀಲೆಯಲ್ಲ. ಆದರೆ ಅಂದು ತಿಳಿಯದೆ ಹೋದದ್ದನ್ನು ಆಮೇಲೆ ತಿಳಿದವರನ್ನು ಕೇಳಿ ಕಲಿತಿದ್ದೇನೆ. ಆ ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಏಕೆಂದರೆ ಈಗ ಮನೆ ಕೊಳ್ಳುವ ವಯಸ್ಸು ನಿಮ್ಮದು.

ಮೊದಲು, ಕರಾರು ಎಂದರೇನು? ಇಂಗ್ಲೆಂಡಿನಲ್ಲಿ ಮನೆ ಕೊಂಡ ನಿಮ್ಮ ಕಸಿನ್‌ಗಳನ್ನು ಕೇಳಿ ನೋಡಿ. ಅಲ್ಲಿ ಎರಡೂ ಕಡೆಯವರು ಸಹಿ ಮಾಡಿದ ಕರಾರಿನ ಪ್ರತಿಗಳು ಅದಲುಬದಲಾಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅದಲುಬದಲಾದ ಮೇಲೆ ಇಬ್ಬರೂ ಬದ್ಧರು, ಕೊಳ್ಳುವವನಿಗೆ ಆ ಮನೆಯ ಮೇಲೆಯೇ ಒಂದು ಬಗೆಯ ಹಕ್ಕು ಹುಟ್ಟುತ್ತದೆ. ನಮ್ಮಲ್ಲಿ ಇಬ್ಬರೂ ಒಂದೇ ಪತ್ರಕ್ಕೆ ಸಹಿ ಹಾಕುತ್ತೇವೆ, ಇಬ್ಬರೂ ಬದ್ಧರೇ. ಆದರೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 54ನೆಯ ಕಲಮು, ಮಾರಾಟದ ಕರಾರಿನಿಂದಷ್ಟೇ ಆಸ್ತಿಯ ಮೇಲೆ ಯಾವ ಹಕ್ಕೂ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕ್ರಯಪತ್ರ, ಇಲ್ಲಿಯವರು ಹೇಳುವ 'ಕಿರಯ ಪತ್ತಿರಂ', ನೋಂದಣಿಯಾದ ಮೇಲೆಯೇ ಮನೆ ನಿಮ್ಮದು. ಕರಾರು ನಿಮಗೆ ಕೊಡುವುದು ಮನೆಯನ್ನಲ್ಲ, ಮನೆಯನ್ನು ಕೊಡು ಎಂದು ಕೇಳುವ ಹಕ್ಕನ್ನು. ಕೇಳುವ ಹಕ್ಕಿದ್ದವನು ಬಾಯಿಬಿಟ್ಟು ಕೇಳಬೇಕು. ನಮ್ಮ ಪಕ್ಕದ ಮನೆಯ ಪಾಟಿ ಹೇಳುವಂತೆ, "ಅಳುದ ಪಿಳ್ಳೈದಾನ್ ಪಾಲ್ ಕುಡಿಕ್ಕುಂ."

"ಅಗ್ರಿಮೆಂಟ್ ರಿಜಿಸ್ಟರ್ ಆಗಿದೆಯಾ?" ಎಂದು ಹುಡುಗನನ್ನು ಕೇಳಿದೆ. "ಇಲ್ಲ ಆಂಟಿ, ಅಪ್ಪನ ಸ್ನೇಹಿತರಲ್ಲವಾ" ಎಂದ. ಅಲ್ಲಿಯೂ ದಾಕ್ಷಿಣ್ಯ! ತಮಿಳುನಾಡಿನಲ್ಲಿ 2012ರ ಡಿಸೆಂಬರ್ 1ರಿಂದ ಮನೆ, ನಿವೇಶನ ಮಾರುವ ಕರಾರನ್ನೂ ನೋಂದಾಯಿಸಲೇಬೇಕು. ಇದರಿಂದ ದೊಡ್ಡ ಪ್ರಯೋಜನವಿದೆ. ನೋಂದಾಯಿಸಿದ ಕರಾರು ಇ.ಸಿ.ಯಲ್ಲಿ, ಅಂದರೆ ಇಲ್ಲಿಯ 'ವಿಲ್ಲಂಗಂ' ಪತ್ರದಲ್ಲಿ ಕಾಣಿಸುತ್ತದೆ. ಎರಡನೆಯವನೊಬ್ಬ ಕೊಳ್ಳಲು ಬಂದರೆ, ನನಗೆ ಗೊತ್ತಿರಲಿಲ್ಲ ಎಂದು ಅವನು ಹೇಳುವ ಹಾಗಿಲ್ಲ. ಗೊತ್ತಿದ್ದೂ ಕೊಂಡವನ ಮೇಲೆಯೂ ನಿಮ್ಮ ಕರಾರು ನಡೆಯುತ್ತದೆ. ನೋಂದಾಯಿಸದೆ ಹೋದರೆ ಎಲ್ಲ ಮುಗಿಯಿತೇ? ಇಲ್ಲ. ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ, ಕರಾರಿನಂತೆ ಮಾರಿಕೊಡಿಸಿ ಎಂದು ಹಾಕಿದ ದಾವೆಯಲ್ಲಿ ನೋಂದಾಯಿಸದ ಕರಾರನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಅದನ್ನು ಹೇಳಿದಾಗಲೇ ಹುಡುಗ ಒಬ್ಬಟ್ಟಿಗೆ ಕೈ ಹಾಕಿದ್ದು.

ಅವನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಮುಂಗಡವನ್ನೆಲ್ಲ ಬ್ಯಾಂಕಿನ ಮೂಲಕ ಕೊಟ್ಟದ್ದು. ಆಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದು 2015ರಿಂದ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಅದೂ ಅಲ್ಲದೆ, ನಗದು ಕೊಟ್ಟರೆ ನಾಳೆ ಕೊಟ್ಟೆ ಎನ್ನುವುದಕ್ಕೆ ಗುರುತೇನು?

ಇನ್ನು, ಮಾರುವವರು ಹಿಂದೆ ಸರಿದರೆ ಏನು ಮಾಡಬೇಕು? ವಕೀಲರಿಂದ ನೋಟೀಸು ಬರೆಸಿ, ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ. ಉಳಿದ ಹಣ ಸಿದ್ಧವಾಗಿದೆ, ಇಂಥ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ ಎಂಬ ಮಾತು ಅದರಲ್ಲಿರಬೇಕು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ಪಾಸ್‌ಬುಕ್ಕು ಎಲ್ಲ ಎತ್ತಿಡಿ. ಹಣವೂ ಮನಸ್ಸೂ ಕೊನೆಯವರೆಗೆ ಸಿದ್ಧವಾಗಿದ್ದವು ಎಂದು ಕೊಳ್ಳುವವನು ತೋರಿಸಿಕೊಡಬೇಕೆಂದು 1963ರ ಸ್ಪೆಸಿಫಿಕ್ ರಿಲೀಫ್ ಕಾಯಿದೆ ಕೇಳುತ್ತದೆ.

ನೋಟೀಸಿಗೂ ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆ. ಹಿಂದೆ ಮನೆ ಕೊಡಿಸುವುದೋ ಪರಿಹಾರದ ಹಣ ಕೊಡಿಸುವುದೋ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ಅದೇ ಅಕ್ಟೋಬರ್ 1ರಿಂದ ಆ ವಿವೇಚನೆಯನ್ನು ತೆಗೆದುಹಾಕಿದ್ದಾರೆ. ಕಾಯಿದೆ ಹೇಳುವ ಕೆಲವು ಅಡ್ಡಿಗಳಿಲ್ಲದಿದ್ದರೆ ಕರಾರನ್ನು ನಡೆಸಿಕೊಡಿಸಬೇಕು. ದಾವೆಯಲ್ಲಿ ಒಂದು ಮಾತು ಮರೆಯಬಾರದು. ಮನೆ ಕೊಡಿಸಲಾಗದಿದ್ದರೆ ಮುಂಗಡವನ್ನಾದರೂ ಬಡ್ಡಿಯೊಂದಿಗೆ ಕೊಡಿಸಿ ಎಂದು ಬರೆದು ಕೇಳಬೇಕು. ಕೇಳದೆ ಇದ್ದರೆ ಕೋರ್ಟು ತಾನಾಗಿ ಕೊಡಿಸುವುದಿಲ್ಲ. ದಾವೆ ನಡೆಯುತ್ತಿರುವಾಗ ಅವರು ಬೇರೆಯವರಿಗೆ ಮಾರಿದರೂ ಕೊಂಡವನು ತೀರ್ಪಿಗೆ ಕಟ್ಟುಬೀಳಬೇಕು.

ಮನೆಯ ಸಹವಾಸವೇ ಬೇಡ, ಹಣ ಬಂದರೆ ಸಾಕು ಎನ್ನುವವರಿಗೂ ದಾರಿಯಿದೆ. ನ್ಯಾಯವಾಗಿ ಕೊಟ್ಟ ಮುಂಗಡಕ್ಕೂ ಅದರ ಬಡ್ಡಿಗೂ ಆ ಮನೆಯೇ ಹೊಣೆ ಎಂದು 1882ರ ಅದೇ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ನಾನು ಇದನ್ನು ತಿಳಿದದ್ದು ಬಡ್ಡಿಯಿಲ್ಲದ ದುಡ್ಡನ್ನು ಎಣಿಸಿಕೊಂಡು ಎಷ್ಟೋ ವರ್ಷಗಳಾದ ಮೇಲೆ!

ಕೆಲವರು ಪೊಲೀಸ್ ಠಾಣೆಗೆ ಓಡುತ್ತಾರೆ. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ, ಉದಾಹರಣೆಗೆ ಆಗಲೇ ಮಾರಿದ ಮನೆಗೆ ಮುಂಗಡ ತೆಗೆದುಕೊಂಡಿದ್ದರೆ, ಅದು ಸರಿ. ಬರೀ ಮನಸ್ಸು ಬದಲಾಯಿಸಿದ್ದಕ್ಕೆ ದಾರಿ ಸಿವಿಲ್ ಕೋರ್ಟೇ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಕರಾರಿನಲ್ಲಿ ಬರೆದ ಗಡುವಿನ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಗಡುವೇ ಬರೆದಿಲ್ಲದಿದ್ದರೆ, ಮಾರುವುದಿಲ್ಲ ಎಂದು ನಿಮಗೆ ತಿಳಿದ ದಿನದಿಂದ ಮೂರು ವರ್ಷ. ಹಾಗೆಂದು ಮೂರು ವರ್ಷ ಸುಮ್ಮನೆ ಕೂರಬಹುದೆಂದಲ್ಲ. ಮದುರೈನ ಒಂದು ಮನೆಯ ಕಥೆ ಕೇಳಿ. 1978ರ ಡಿಸೆಂಬರಿನಲ್ಲಿ 60,000 ರೂಪಾಯಿಗೆ ಕರಾರು, 5,000 ರೂಪಾಯಿ ಮುಂಗಡ, ಆರು ತಿಂಗಳ ಗಡುವು. ಕೊಳ್ಳುವವರು ಎರಡೂವರೆ ವರ್ಷ ಏನೂ ಮಾಡದೆ ಇದ್ದು 1981ರಲ್ಲಿ ನೋಟೀಸು ಕೊಟ್ಟು ದಾವೆ ಹಾಕಿದರು. ಮೂರು ವರ್ಷದೊಳಗೇ ಹಾಕಿದ್ದರು, ಆದರೂ 1997ರಲ್ಲಿ ಸುಪ್ರೀಂ ಕೋರ್ಟು ಮನೆಯನ್ನು ಕೊಡಿಸಲಿಲ್ಲ. ಪಟ್ಟಣಗಳಲ್ಲಿ ಆಸ್ತಿಯ ಬೆಲೆ ಏರುತ್ತಿರುವಾಗ, ಇಷ್ಟು ದಿನ ಕೈಕಟ್ಟಿ ಕೂತವನಿಗೆ ಹಳೆಯ ಬೆಲೆಗೆ ಮನೆ ಕೊಡಿಸುವುದು ನ್ಯಾಯವಲ್ಲ ಎಂದಿತು. ನಾವು ಹದಿನಾಲ್ಕು ತಿಂಗಳು ಕಳೆದೆವಲ್ಲ, ಅದನ್ನು ನಾನು ತಾಳ್ಮೆ ಎಂದುಕೊಂಡಿದ್ದೆ. ಕೋರ್ಟಿನ ಕಣ್ಣಿಗೆ ಅದು ಆಸಕ್ತಿಯಿಲ್ಲದ ಹಾಗೆ ಕಾಣುತ್ತಿತ್ತು.

ನೀವೇ ಮಾರುವವರಾಗುವ ಕಾಲವೂ ಬರುತ್ತದೆ, ಅಜ್ಜನ ಊರಿನ ಮನೆಯನ್ನೋ ಇಲ್ಲಿಯ ಹಳೆಯ ಫ್ಲಾಟನ್ನೋ. ಆಗ ಹಕ್ಕುಳ್ಳ ಅಣ್ಣತಮ್ಮ, ಅಕ್ಕತಂಗಿಯರೆಲ್ಲರನ್ನೂ ಕೇಳಿದ ಮೇಲೆಯೇ ಮುಂಗಡಕ್ಕೆ ಕೈಚಾಚಿ. ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಹಿಂದಿರುಗಿದ ಪುಣ್ಯಕೋಟಿಯ ಕಥೆಯನ್ನು ನಿಮಗೆಲ್ಲ ಅಮ್ಮಂದಿರು ಹೇಳಿರುತ್ತಾರೆ. ನಿಮ್ಮ ಮಾತಿಗೆ ನೀವು ಪುಣ್ಯಕೋಟಿಯಾಗಿ. ಎದುರಿನವರೂ ಹಾಗೆಯೇ ಇರುತ್ತಾರೆಂದು ನಂಬಿ ಕರಾರನ್ನು ನೋಂದಾಯಿಸದೆ ಬಿಡಬೇಡಿ. ನೋಟೀಸು ಕೊಡುವುದು ಜಗಳವಲ್ಲ, ಹಿರಿಯರಿಗೆ ಅಗೌರವವೂ ಅಲ್ಲ. "ಮಾಮ, ನೀವು ಕೊಟ್ಟ ಮಾತು ನನಗೆ ನೆನಪಿದೆ" ಎಂದು ಕಾಗದದಲ್ಲಿ ಬರೆದು ಹೇಳುವುದು, ಅಷ್ಟೇ.

ಆ ಹುಡುಗ ಮರುವಾರವೇ ವಕೀಲರನ್ನು ಕಂಡು ನೋಟೀಸು ಕಳಿಸಿದ. ಅವನಪ್ಪ ಎರಡು ದಿನ ಮಾತು ಬಿಟ್ಟಿದ್ದರಂತೆ. ನೋಟೀಸು ತಲುಪಿದ ಮೇಲೆ ಆ ಹಿರಿಯರು ತಾವೇ ಇವರ ಮನೆಗೆ ಬಂದು ಕೂತು ಮಾತಾಡಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ರಿಜಿಸ್ಟ್ರೇಷನ್ ಇನ್ನೂ ಆಗಿಲ್ಲ, ಮಾತುಕತೆ ನಡೆಯುತ್ತಿದೆ. ಅವನ ಗಡುವಿಗೆ ಇನ್ನೂ ಒಂದು ತಿಂಗಳಿದೆ.

ನಿಮ್ಮಲ್ಲಿ ಯಾರಾದರೂ ಮನೆಗೆ ಮುಂಗಡ ಕೊಟ್ಟಿದ್ದರೆ ಇವತ್ತೇ ಕರಾರು ಪತ್ರವನ್ನು ಬೀರುವಿನಿಂದ ತೆಗೆದು ಗಡುವಿನ ತಾರೀಖು ನೋಡಿ, ಅದನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಪ್ಪಳ ಸಂಡಿಗೆ ಮುಂದಿನ ಸಂಚಿಕೆಗೆ ಇರಲಿ, ಮದರಾಸಿನ ಬಿಸಿಲು ಎಲ್ಲಿಗೂ ಹೋಗುವುದಿಲ್ಲ.